ನಡುನಾಲಿಗೆಯ ವರಸೆ

ಈಗಷ್ಟೇ ಕ್ಲಾರಿನೆಟ್ಟಿನ ರೀಡನ್ನು ನೆನೆಸಲು ಬಾಯಿಗಿಟ್ಟೆ. ಆ ತೆಳು ಜೊಂಡಿನ ಪಟ್ಟಿಯ ಹಸಿ ವಾಸನೆಗೆ ಶಿಕಾರಿಪುರದ ನಮ್ಮ ಪಡಸಾಲೆ ನೆನಪಾಯಿತು.

ಮದುವೆ ಬ್ಯಾಂಡಿನಲ್ಲಿದ್ದ ಅಪ್ಪ ಅಲ್ಲೇ ಅಭ್ಯಾಸಕ್ಕೆ ಕೂರುತ್ತಿದ್ದ. ಉಳಿದವರು ನಾಲಿಗೆಯ ತುದಿಯಿಂದ ರೀಡ್ ತಟ್ಟಿ ಸ್ವರ ಬಿಡಿಸಿದರೆ, ಅಪ್ಪ ಇದ್ದಕ್ಕಿದ್ದಂತೆ ತುದಿಯನ್ನು ಕೆಳಗೆ ಅಡಗಿಸಿಟ್ಟು ನಡುನಾಲಿಗೆಯಿಂದ ತಟ್ಟತೊಡಗಿದ.

"ಯಾಕಪ್ಪಾ ಹಿಂಗೆ?"

"ಇದು ಹೊಸ ವರಸೆ ಕಣೇ. ನಿಮ್ಮವ್ವಂಗೆ ಹೇಳ್ಬ್ಯಾಡ."

ಹೇಳಲಿಲ್ಲ. ಹೆಮ್ಮೆಯಿಂದ ನಾನೂ ಅದನ್ನೇ ಕಲಿತೆ. ಅಪ್ಪ ಸಾರು ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದುದು ಕಣ್ಣಿಗೆ ಬೀಳಲಿಲ್ಲ.

ಆನವಟ್ಟಿಯ ಮದುವೆಯೊಂದರಲ್ಲಿ ಅಪ್ಪನ ರೀಡಿನ ಮೇಲೆ ರಕ್ತ ಕಂಡಿತು. ನಾಲಿಗೆಯ ತುದಿಯಲ್ಲಿ ಹುಣ್ಣಾಗಿ ತಿಂಗಳುಗಳೇ ಆಗಿದ್ದವು. ಆಮೇಲೆ ಅಪ್ಪ ನುಡಿಸಲೇ ಇಲ್ಲ.

ನನ್ನ ನಾಲಿಗೆಯಲ್ಲಿ ಯಾವ ಹುಣ್ಣೂ ಇಲ್ಲ. ಆದರೂ ತುದಿ ತಗಲದ ಹಾಗೇ ನುಡಿಸುತ್ತೇನೆ.