ಗಟ್ಟಿಯಾಗಿ ಓದಿದ ಅಪರಾಧ

2025ನೆಯ ನವೆಂಬರ್ 17, ಸೋಮವಾರ. ಮಾನ್ವಿಯ ವಾಹಿದಾ ಎಂಬ ಗೃಹಿಣಿ ಎರಡು ವರ್ಷಗಳಿಂದ ಓದಿ, ಧ್ವನಿಮುದ್ರಿಸಿ, ಅಂತರ್ಜಾಲದ ತನ್ನ ವಾಹಿನಿಯಲ್ಲಿ ಇರಿಸಿದ್ದ ಪಾಠಗಳೆಲ್ಲವೂ ಅಂದು ಬೆಳಿಗ್ಗೆ ಅಳಿಸಿಹೋಗಿದ್ದವು. ಅವುಗಳ ಜಾಗದಲ್ಲಿ ಉಳಿದಿದ್ದುದು ಒಂದೇ ಸಾಲು: ಕೃತಿಸ್ವಾಮ್ಯದ ದೂರು ಬಂದಿದೆ. ಅಳಿಸುವ ಮುನ್ನ ಆಕೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ರಾಯಚೂರಿನ ನ್ಯಾಯಾಲಯದಲ್ಲಿ ನಾನು ಶಿರಸ್ತೇದಾರನಾಗಿದ್ದಾಗ ಅಲ್ಲಿಯೇ ಬೇಲಿಫ್ ಆಗಿದ್ದ ಮಹಮ್ಮದ್ ಹುಸೇನರ ಮಗಳು ಆಕೆ. ಮನೆಮಾತು ದಖನಿ, ಪದವಿಯವರೆಗೆ ಓದಿದ್ದು ಕನ್ನಡದಲ್ಲಿ. ಗಂಡ ವಲಿ ಪಾಷಾನದು ಭಾಂಡೆ ಅಂಗಡಿ, ಅದರ ಮೇಲೆಯೇ ಮನೆ. ಕೆಳಗೆ ಪಾತ್ರೆಗಳ ಸದ್ದು ಆರಂಭವಾಗುವ ಮುನ್ನ, ಬೆಳಗಿನ ನಮಾಜು ಮುಗಿಸಿ, ಆಕೆ ಓದಲು ಕೂರುತ್ತಿದ್ದಳು. ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಆ ಓದು. ಅವರಲ್ಲಿ ಮೊದಲಿಗ ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯ ನಾಗೇಶ, ರಾಯಚೂರಿನಲ್ಲಿ ಬಿ.ಎ. ವಿದ್ಯಾರ್ಥಿ. ಅವನ ಇತಿಹಾಸದ ಪಠ್ಯ ಬ್ರೈಲ್ ಲಿಪಿಯಲ್ಲಿಲ್ಲ, ಧ್ವನಿರೂಪದಲ್ಲಿಯೂ ಇಲ್ಲ. ಬೆಂಗಳೂರಿನ ಒಂದು ಪ್ರಕಾಶನ ಅದನ್ನು ಅಚ್ಚಿನಲ್ಲಿ ಮಾತ್ರ ಮಾರುತ್ತದೆ. ತಾನು ಓದಲಾರದ ಆ ಪುಸ್ತಕವನ್ನು ನಾಗೇಶನೇ ಪೂರ್ತಿ ಬೆಲೆ ತೆತ್ತು ಕೊಂಡು, ವಾಹಿದಾಳಿಗೆ ತಲುಪಿಸಿದ್ದ.

“ಆಪಾ, ನಿನ್ನಿ ಪಾಠದಾಗ ರಾಜನ ಕ್ವಾಟಿ ಬಿದ್ದ ಕೂಡ್ಲೆ ಹಿಂದ ನಿಮ್ಮ ಅಂಗಡ್ಯಾಗ ಒಂದು ಬಗೋಣಿನೂ ಬಿತ್ತು. ಪರೀಕ್ಷಾದಾಗ ನನ್ನ ಪರವಾಗಿ ಬರ್ಯಾವ್ರಿಗೆ ಹೇಳಿ ಅದನ್ನೂ ಬರಸ್ಲೇನ್ರಿ?” ಎಂದು ಅವನು ಫೋನಿನಲ್ಲಿ ಕಾಡುತ್ತಿದ್ದ.

“ಬರಸು. ಆ ಬಗೋಣಿ ಸೊಟ್ಟ ಆಗ್ಯಾದ, ನಿನಗೇ ಮಾರ್ತೀನಿ.”

ಪಾಠಗಳು ಅಳಿಸಿಹೋದ ದಿನವೇ ಪ್ರಕಾಶನದ ವ್ಯವಸ್ಥಾಪಕರು ಆಕೆಗೆ ಫೋನ್ ಮಾಡಿದರು.

“ನೀವು ಮಾಡಿರೋದು ಪೈರಸಿ ಕಣಮ್ಮ. ಕಳ್ಳತನ.”

“ತಪ್ಪಾತ್ರಿ ಸಾಹೇಬ್ರ, ಮಾಫ್ ಮಾಡ್ರಿ. ಕಣ್ಣು ಕಾಣಲಾರದ ಹುಡುಗ್ರು ಕೇಳ್ತಾರಂತ ಓದಿದ್ದೆ.”

“ಅದನ್ನೇ ಮೆಸೇಜ್ ಮಾಡಿ. ಇಲ್ಲಿಗೆ ಮುಗಿಸಿಬಿಡೋಣ.”

ಆಕೆ ಅಕ್ಷರಶಃ ಅದನ್ನೇ ಬರೆದು ಕಳುಹಿಸಿದಳು. ನಮ್ಮ ಸೀಮೆಯಲ್ಲಿ ಎದುರಿನವರು ದನಿ ಏರಿಸಿದರೆ ಮೊದಲು ಬರುವ ಮಾತು “ತಪ್ಪಾತ್ರಿ”. ಅದು ಮರ್ಯಾದೆಯ ಮಾತು, ತಪ್ಪೊಪ್ಪಿಗೆಯಲ್ಲ. ಆಕೆಯ ತಂದೆ ಸಮನ್ಸ್ ಜಾರಿ ಮಾಡುವಾಗಲೂ “ತಪ್ಪಾತ್ರಿ ಯಪ್ಪಾ, ನನ್ನ ನೌಕರಿ ಅದ” ಎಂದೇ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದರಿಂದ ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ.

ನಾಲ್ಕನೆಯ ದಿನ ವಕೀಲರ ನೋಟಿಸು ಬಂತು. “ತಾವು ಲಿಖಿತವಾಗಿ ತಪ್ಪೊಪ್ಪಿಕೊಂಡಿರುತ್ತೀರಿ. ಇನ್ನು ಮುಂದೆ ಯಾವುದೇ ಪುಸ್ತಕವನ್ನು ಓದಿ ಪ್ರಸಾರ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡತಕ್ಕದ್ದು. ತಪ್ಪಿದಲ್ಲಿ ಪೊಲೀಸರಿಗೆ ದೂರು ನೀಡಲಾಗುವುದು.” ಆಕೆಯ ಸಂದೇಶದ ಮೊದಲ ವಾಕ್ಯವನ್ನು ಮಾತ್ರ ಅದರಲ್ಲಿ ಎತ್ತಿ ಬರೆದಿದ್ದರು. ಕಣ್ಣು ಕಾಣದವರ ಸುದ್ದಿಯಿದ್ದ ಎರಡನೆಯ ವಾಕ್ಯವನ್ನು ಕತ್ತರಿಸಿದ್ದರು.

ಗಂಡಹೆಂಡತಿ ನೋಟಿಸು ಹಿಡಿದು ರಾಯಚೂರಿಗೆ, ನಮ್ಮ ಮನೆಗೆ ಬಂದರು.

“ಕಾಕಾ, ಸಹಿ ಮಾಡು ಅಂತ ಹೇಳ್ರಿ ಈಕಿಗೆ,” ಎಂದ ವಲಿ ಪಾಷಾ. “ಅಂಗಡಿ ಮುಂದ ಪೊಲೀಸ್ ಜೀಪ್ ನಿಂತ್ರ ಯಾವ ಗಿರಾಕಿ ಬರ್ತಾನ್ರಿ?”

ನಾನು ವಾಹಿದಾಳನ್ನು ಕೇಳಿದೆ: “ಕದ್ದೀಯೇನವ್ವಾ?”

“ಇಲ್ರೀ ಕಾಕಾ.”

“ಮತ್ತ ಮಾಫಿ ಯಾಕ ಕೇಳಿದಿ?”

“ಸಿಟ್ಟಿಗೆದ್ದವರಿಗೆ ಮತ್ತೇನನ್ನಬೇಕ್ರಿ?”

ಆಕೆ ಸಹಿ ಮಾಡಲಿಲ್ಲ. ನವೆಂಬರ್ 24ರಂದು ನಾನೇ ಉತ್ತರದ ಕರಡು ಬರೆದುಕೊಟ್ಟೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, 52(1)ನೆಯ ಕಲಮಿನ ಜಡ್‌ಬಿ ಖಂಡದಲ್ಲಿ, ಅಂಗವಿಕಲರಿಗೆ ಎಟುಕುವ ರೂಪದಲ್ಲಿ ಕೃತಿಯನ್ನು ಒದಗಿಸುವುದು ಉಲ್ಲಂಘನೆಯಲ್ಲ. ವಾಹಿನಿ ಎಲ್ಲರಿಗೂ ತೆರೆದಿತ್ತು, ಕಣ್ಣಿದ್ದವರೂ ಕೇಳಬಹುದಿತ್ತು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಅದಕ್ಕಾಗಿಯೇ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಮಾತ್ರ ಪಾಠಗಳು ಸಿಗುವಂತೆ ಮಾಡಲು ಆಕೆ ಸಿದ್ಧಳಿದ್ದಾಳೆಂದು ಬರೆದೆವು. ಪೈರಸಿಯನ್ನು ತಡೆಯಬಾರದೆಂದು ನಾನು ಹೇಳುತ್ತಿಲ್ಲ: ಚಿತ್ರಮಂದಿರದಲ್ಲಿ ಸಿನಿಮಾ ಕದ್ದು ಚಿತ್ರೀಕರಿಸಿ ಮಾರುವವರನ್ನು ಹಿಡಿಯಲಿ, ಸೆರೆಗೆ ಹಾಕಲಿ, ನನ್ನ ತಕರಾರಿಲ್ಲ. ಆದರೆ ಆ ಕಳ್ಳರನ್ನು ತೋರಿಸಿ ಕಾನೂನನ್ನು ಇನ್ನೂ ಬಿಗಿಗೊಳಿಸಿರೆಂದು ಕೂಗುವವರು, ಈಗಿರುವ ಕಾನೂನಿನಲ್ಲಿ ಕುರುಡರಿಗೆ ಕೊಟ್ಟ ಒಂದು ಖಂಡವನ್ನಾದರೂ ಓದಿದ್ದಾರೆಯೇ?

ನಮ್ಮ ಪತ್ರಕ್ಕೆ ಪ್ರಕಾಶನದಿಂದ ಉತ್ತರ ಬರಲಿಲ್ಲ. ಡಿಸೆಂಬರಿನಲ್ಲಿ ನಾಗೇಶ ಪರೀಕ್ಷೆ ಬರೆಸಿ ಬಂದು, “ಎರಡು ಪ್ರಶ್ನಿ ಬಿಟ್ಟೀನ್ರಿ. ಆ ಪಾಠ ಕೇಳೇ ಇರ್ಲಿಲ್ಲ,” ಎಂದ. ಫೋನಿನಲ್ಲಾದರೂ ಓದಬಾರದೇ ಎಂದು ವಾಹಿದಾಳನ್ನು ಕೇಳಿದರೆ, “ಅದೂ ಪೈರಸಿ ಅಂದ್ರ?” ಎನ್ನುತ್ತಾಳೆ. ಒಂದು ಪುಟವನ್ನು ಒಬ್ಬ ಹುಡುಗನಿಗೆ ಓದಿ ಹೇಳಲು ಪದವೀಧರೆಯೊಬ್ಬಳು ಅಂಜುವ ಸ್ಥಿತಿಯನ್ನು, ದೂರು ಕೊಟ್ಟವರೂ ಅಳಿಸಿದವರೂ ಆದ ನೀವು ತಂದಿದ್ದೀರಿ.

ಪ್ರಕಾಶಕರೇ, ಕಳ್ಳತನವೆಂಬ ಆರೋಪವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ, ದೂರನ್ನೂ ಹಿಂಪಡೆಯಿರಿ. ವಾಹಿನಿ ನಡೆಸುವ ಕಂಪನಿಯವರೇ, ಮುಂದಿನ ಪರೀಕ್ಷೆಗೆ ಮುನ್ನ ಆಕೆಯ ಪಾಠಗಳನ್ನು ಇದ್ದಲ್ಲಿಯೇ ಮರಳಿ ಇರಿಸಿ. ಕಾನೂನು ಮಾಡುವ ಮಾನ್ಯರೇ, ಬಿಗಿಗೊಳಿಸುವ ಮಾತು ಆಮೇಲೆ. ದೂರು ಬಂದಾಗ ಅಳಿಸುವ ಮುನ್ನ ಓದಿದವರನ್ನೂ ಕೇಳಿಸಿಕೊಂಡವರನ್ನೂ ಕಡ್ಡಾಯವಾಗಿ ವಿಚಾರಿಸತಕ್ಕದ್ದೆಂದು ಮೊದಲು ಬರೆಯಿರಿ.