ತೊಳೆದಿಟ್ಟ ತಾಟುಗಳು

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೇಸಿಗೆಯಲ್ಲೂ ಯಾರೂ ಹಪ್ಪಳ ಒಣಹಾಕುತ್ತಿರಲಿಲ್ಲ. ಹಿತ್ತಲ ಗೋಡೆಯ ಆಚೆಗೇ ತಂಬಾಕು ಕುಟ್ಟುವ ಗಿರಣಿ. ಅದು ಶುರುವಾದರೆ ಓಣಿಗೆ ಓಣಿಯೇ ಸೀನುತ್ತಿತ್ತು. ಹೊಸ ಸೊಸೆಯರ ಸೀನು ಕೇಳಿ ಹಳಬರು ನಗುತ್ತಿದ್ದರು. ಅಂಕಲಿಯಿಂದ ಮದುವೆಯಾಗಿ ಬಂದ ನನ್ನನ್ನು ಕಂಡೂ ನಕ್ಕಿದ್ದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಅತ್ತೆಗೆ ಸೀನು ಹೋಗಿ ಕೆಮ್ಮು ಹಿಡಿದಿತ್ತು. ಗೋಡೆಗೆ ಒರಗಿ ಕುಳಿತೇ ನಿದ್ದೆ. ಈ ಧೂಳಿನಿಂದ ದೂರ ಇಡದಿದ್ದರೆ ಬಹಳ ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಮಗಿದ್ದದ್ದು ಅದೊಂದೇ ಮನೆ. ದೂರ ಹೋಗಬೇಕಾದದ್ದು ಗಿರಣಿ.

ಒಂದು ಬೇಸಿಗೆ ಶಹರದ ಕಾಲೇಜಿನ ಉಪನ್ಯಾಸಕಿಯೊಬ್ಬರು ಬಂದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಗಾಳಿಯಲ್ಲಿ ಏನಿದೆ ಎಂಬುದನ್ನು ಓಣಿಯವರೇ ಸೇರಿ ಅಭ್ಯಾಸ ಮಾಡೋಣ ಎಂದರು. ಮನೆಗೊಂದು ಸ್ಟೀಲಿನ ತಾಟು ತಂದು, ಧೂಳು ಅಂಟಲೆಂದು ಜಿಡ್ಡು ಸವರಿ, ಮಾಳಿಗೆಯ ಮೇಲೆ ಇಡಿಸಿದರು. ತಿಂಗಳಾದ ಮೇಲೆ ಒಯ್ದು ಆ ಧೂಳನ್ನು ತೂಗುವುದು. ತೂಕವನ್ನು ಪುರಸಭೆಯ ಮುಂದಿಟ್ಟು ಗಿರಣಿಯನ್ನು ಊರ ಹೊರಗೆ ಹಾಕಿಸುವುದು.

"ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ" ಎಂದರು.

ಯಾರೂ ಮುಟ್ಟಲಿಲ್ಲ. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಲು ಮೇಲೆ ಹತ್ತಿದರೆ ಅತ್ತೆ ಕೆಳಗಿನಿಂದಲೇ ಕೂಗುತ್ತಿದ್ದರು: "ಏ ನಮ್ಮವ್ವಾ, ಸೀರಿ ಝಾಡಿಸಬ್ಯಾಡ ಅಲ್ಲಿ! ನಿನ್ನ ಸೀರಿ ಧೂಳಾ ತೂಗಾಕ ಬರಾಂಗಿಲ್ಲ ಅಕ್ಕೋರು."

"ನನ್ನ ಸೀರಿ ನಿನ್ನ ಸೀರಿಗಿಂತ ಸ್ವಚ್ಛ ಐತಿ ಬೇ, ಮುದುಕಿ."

ತಾಟು ದಿನದಿನಕ್ಕೂ ಕಂದಾಯಿತು. ಅತ್ತೆ ಒಮ್ಮೆ ನಿಂತು ನಿಂತು ಮೆಟ್ಟಿಲು ಹತ್ತಿ ನೋಡಿದರು. "ನನ್ನ ಎದಿಯಾಗಿರೂದು ಇದ ನೋಡು" ಎಂದರು.

ತಾಟು ಒಯ್ಯುವ ವಾರ ನಾನು ತಮ್ಮನ ನಿಶ್ಚಯಕ್ಕೆ ಅಂಕಲಿಗೆ ಹೋಗಿದ್ದೆ. ಮರಳಿದ ಮಧ್ಯಾಹ್ನ ನಮ್ಮ ಕಟ್ಟೆಯ ಬಳಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ನಡುವೆ ಅಕ್ಕೋರು ಕುಳಿತಿದ್ದರು. ಅವರ ಮುಂದೆ ಸಾಲಾಗಿ ತಾಟುಗಳು, ಹುಣಸೆಹಣ್ಣು ಹಚ್ಚಿ ಬೆಳಗಿದವು. ಒಂದರಲ್ಲಿ ಹಿಡಿ ಶೇಂಗಾ, ಒಂದರಲ್ಲಿ ಸಕ್ಕರೆ, ನಮ್ಮದರಲ್ಲಿ ಬೆಲ್ಲದ ಹೆಂಟೆ. ಮಂದಿಯ ಪಾತ್ರೆಯನ್ನು ಹೊಲಸಾಗಿಯೋ ಖಾಲಿಯಾಗಿಯೋ ಮರಳಿಸುವ ಮನೆ ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ.

"ಧೂಳು ಎಲ್ಲಿ, ಅಜ್ಜಿ?" ಅಕ್ಕೋರು ಅತ್ತೆಯನ್ನು ಕೇಳಿದರು.

"ತೊಳದೀವ್ರಿ. ಜಿಡ್ಡ ಹೋಗವಲ್ದಾಗಿತ್ತು, ತಿಕ್ಕಿ ತಿಕ್ಕಿ ಕೈ ಸೋತಾವ."

"ಮುಟ್ಟಬೇಡಿ ಅಂದಿದ್ದೆನಲ್ಲ."

"ಇಟ್ಟಾಗ ಮುಟ್ಟಬ್ಯಾಡ ಅಂದ್ರಿ, ಮುಟ್ಟಲಿಲ್ಲ. ಕೊಡೂ ಮುಂದ ಹೊಲಸ ತಾಟ ಹೆಂಗ ಕೊಡೂದ್ರಿ?"

ಅಷ್ಟು ಹೇಳಿ ಅತ್ತೆ ಅಕ್ಕೋರ ಮುಖ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದರು. ಕೆಮ್ಮು ಬಂದಿರಲಿಲ್ಲ.

ಅಕ್ಕೋರು ಪುರಸಭೆಗೆ ಹೋಗಿ ಕಣ್ಣಾರೆ ಕಂಡದ್ದನ್ನು ಹೇಳಿದರು. ನಾವೂ ಹಿಂದೆ ನಿಂತಿದ್ದೆವು. ಗಿರಣಿಯ ಮುನೀಮನಿಗೆ ಸುದ್ದಿ ಮುಟ್ಟಿತ್ತು. "ತಾಟನ್ಯಾಗ ಮಾರಿ ಕಾಣ್ತೈತಂತ್ರಿ ಸಾಹೇಬ್ರ! ಊಟಾ ಬಡಸೂದೊಂದ ಬಾಕಿ" ಎಂದ. ಸಭೆ ನಕ್ಕಿತು. ತೂಕವಿಲ್ಲದ ಧೂಳಿನ ಬಗ್ಗೆ ಯಾರೂ ಮತ್ತೆ ಮಾತಾಡಲಿಲ್ಲ. ಮಳೆ ಹಿಡಿಯಿತು, ಗಿರಣಿ ಆ ವರ್ಷಕ್ಕೆ ನಿಂತಿತು. ಮುಂದಿನ ಬೇಸಿಗೆಗೆ ಬರುತ್ತೇನೆ ಎಂದಿದ್ದ ಅಕ್ಕೋರು ಬರಲಿಲ್ಲ. ತಮ್ಮ ತಾಟುಗಳನ್ನೂ, ಬೇಡವೆನ್ನಲಾರದೆ ಶೇಂಗಾ, ಬೆಲ್ಲವನ್ನೂ ಆಗಲೇ ಒಯ್ದಿದ್ದರು.

ಮರುವರ್ಷ ಗಿರಣಿ ಶುರುವಾದಾಗ ಅತ್ತೆ ನಮ್ಮ ಮನೆಯದೇ ಒಂದು ತಾಟಿಗೆ ಎಣ್ಣೆ ಸವರಿಸಿ ಮಾಳಿಗೆಯ ಮೇಲೆ ಇಡಿಸಿದರು. ಕಂದಾದ ಮೇಲೆ ತಲೆದೆಸೆಗೆ ತರಿಸಿಕೊಂಡರು. ಮಾತನಾಡಿಸಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ಇದನ್ನ ತೊಳದಿ ಅಂದ್ರ ಕೈ ಮುರೀತೀನಿ" ಎಂದು ನನಗೆ ಹೇಳಿದ್ದರು. ಹೇಳಲೂ ಉಸಿರು ಸಾಲುತ್ತಿರಲಿಲ್ಲ. ತೂಗಲು ಯಾರೂ ಬರಲಿಲ್ಲ. ಆ ಬೇಸಿಗೆಯಲ್ಲೇ ತೀರಿಕೊಂಡರು.

ಸೂತಕ ಕಳೆಯುವ ದಿನ ಓಣಿಯ ಹೆಂಗಸರು ಮನೆ ತೊಳೆಯಲು ಬಂದರು. ನನ್ನನ್ನು ಕೂರಿಸಿ, ಹಾಸಿಗೆ, ಪಾತ್ರೆ, ಎಲ್ಲವನ್ನೂ ಹಿತ್ತಲಿಗೆ ಒಯ್ದು ತಿಕ್ಕಿದರು. ಸಂಜೆ ನಾನು ಹೋಗಿ ನೋಡಿದಾಗ ತಾಟುಗಳೆಲ್ಲ ಒಣಗಲು ಬೋರಲು ಬಿದ್ದಿದ್ದವು. ಅತ್ತೆಯದು ಯಾವುದೆಂದು ಗುರುತಾಗಲಿಲ್ಲ. ಗೋಡೆಯ ಆಚೆ ಗಿರಣಿ ನಡೆದೇ ಇತ್ತು. ತಾಟುಗಳ ಬೆನ್ನ ಮೇಲೆ, ಹಸಿ ಇದ್ದಲ್ಲೆಲ್ಲ, ಆಗಲೇ ಕಂದು ಪುಡಿ ಕೂತಿತ್ತು.