ಬಾಗಿಲಿಗೆ ಅಡ್ಡ ನಿಂತ ಟ್ರಸ್ಟಿ

ವಿಜಯನಗರದ ಒಂದು ಉಚಿತ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿದ್ದೆ. ಟ್ರಸ್ಟಿಗಳ ಪೈಕಿ ಒಬ್ಬ ಮೇಡಂ ಮಾತ್ರ ಹೇಳದೆ ಕೇಳದೆ ಬರುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅಡುಗೆಮನೆಗೆ ಹೋಗಿ, ಅಂಗೈಗೆ ಸಾರು ಹಾಕಿಸಿಕೊಂಡು ರುಚಿ ನೋಡುವರು. ಯಾರಾದರೂ ‘ನಿಮ್ಮ ಹಾಸ್ಟೆಲ್’ ಎಂದರೆ ಸಾಕು, “ನಮ್ದಲ್ಲಮ್ಮ, ನಾವು ಕಾಯೋರು ಅಷ್ಟೇ” ಎನ್ನುವರು.

ಟ್ರಸ್ಟಿನ ಅಧ್ಯಕ್ಷರು ಅವರ ಸ್ವಂತ ಅಣ್ಣ. ಮೊಮ್ಮಗಳ ನಿಶ್ಚಿತಾರ್ಥಕ್ಕೆ ಹುಡುಗಿಯರು ಓದುವ ಹಾಲ್ ಬೇಕೆಂದು ಒಂದು ಬೆಳಿಗ್ಗೆ ಶಾಮಿಯಾನದವರನ್ನೇ ಕಳಿಸಿಬಿಟ್ಟರು. ಪರೀಕ್ಷೆಯ ವಾರ ಅದು. ರಾಯಚೂರು, ಕಲಬುರಗಿ ಕಡೆಯ ಹುಡುಗಿಯರು ಪುಸ್ತಕ ಎತ್ತಿಕೊಂಡು ಎದ್ದು ನಿಂತರು. ನಾನು ದಿಕ್ಕು ತೋಚದೆ ಮೇಡಂಗೆ ಫೋನ್ ಮಾಡಿದೆ.

ಆಟೋದಿಂದ ಇಳಿದವರೇ ಬಾಗಿಲಿಗೆ ಅಡ್ಡ ನಿಂತರು. ಹಿಂದೆಯೇ ಅಣ್ಣ ಬಂದರು.

“ಒಂದು ದಿನ ತಾನೇ? ನಮ್ಮನೆ ಹುಡುಗಿ ಕಣೇ ಅವ್ಳು!”

“ಇವ್ರೂ ಯಾರ್ದೋ ಮನೆ ಹುಡುಗೀರೇ. ನಮ್ಮನೆ ಮಹಡಿ ಮೇಲೆ ಮಾಡೋಣ, ಅಡುಗೆ ನಾನು ನೋಡ್ಕೋತೀನಿ. ಇದನ್ನ ಮಾತ್ರ ಕೊಡಲ್ಲ.”

“ನಾನಿಲ್ಲಿ ಅಧ್ಯಕ್ಷ!”

“ಅದಕ್ಕೇ ನೀನು ಕೇಳ್ಬಾರ್ದಿತ್ತು, ಅಣ್ಣ.”

ಅಣ್ಣ ಕಾರು ಹತ್ತಿ ಹೊರಟರು. ಕಂಬಗಳು ಮತ್ತೆ ಟೆಂಪೋ ಏರಿದವು. ಮೇಡಂ ಹುಡುಗಿಯರ ಕಡೆ ತಿರುಗಿ, “ಓದ್ಕೊಳ್ರಮ್ಮ” ಎಂದಷ್ಟೇ ಹೇಳಿದರು.

ನಿಶ್ಚಿತಾರ್ಥ ಬೇರೆಲ್ಲೋ ನಡೆಯಿತು. ಮೇಡಂ ಅವರನ್ನು ಯಾರೂ ಕರೆಯಲಿಲ್ಲ. ಆ ಮಧ್ಯಾಹ್ನ ಅವರು ಹಾಸ್ಟೆಲಿಗೆ ಬಂದು, ಪರೀಕ್ಷೆ ಮುಗಿಸಿ ಬಂದಿದ್ದ ಹುಡುಗಿಯರ ಸಾಲಿನಲ್ಲಿ ನೆಲದ ಮೇಲೆ ಕೂತು ಊಟ ಮಾಡಿದರು.